ಓಡೋದು ಸರಿ, ಹಿಂದೆ ಬಿದ್ದರೆ?

ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ನನ್ನ ತಂಡ ಜಾರ್ಜಿಯಾ ಟೆಕ್. ಪಾಲ್ ಜಾನ್ಸನ್ ಕೋಚ್ ಆಗಿದ್ದಾಗಿನ ಅವರ ಓಟದ ಆಟವನ್ನು ಬೋರು ಅನ್ನೋರನ್ನ ಕಂಡರೆ ಈಗಲೂ ಸಿಟ್ಟು ಬರುತ್ತೆ. ಎದುರಾಳಿಗಳಲ್ಲಿ ಒಬ್ಬನನ್ನು ಬೇಕಂತಲೇ ತಡೆಯದೆ ಬಿಡ್ತಿದ್ರು. ಅವನು ನಡುವೆ ನುಗ್ಗುವವನ ಮೇಲೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡು ತಾನೇ ಇಟ್ಟುಕೊಂಡು ಓಡ್ತಿದ್ದ. ಇನ್ನೊಬ್ಬ ಇವನ ಮೇಲೆ ಬಂದರೆ ಪಕ್ಕದವನಿಗೆ ಎಸೀತಿದ್ದ. ಅಪ್ಪಟ ಇಫ್-ಎಲ್ಸ್! 2014ರ ಕೊನೇ ದಿನ ಆರೆಂಜ್ ಬೌಲ್‌ನಲ್ಲಿ ಮಿಸಿಸಿಪ್ಪಿ ಸ್ಟೇಟನ್ನು 49-34ರಿಂದ ಸೋಲಿಸಿದಾಗ ಓಡಿಯೇ 452 ಗಜ ಗಳಿಸಿದ್ದರು.

2015ರಲ್ಲಿ ಅದೇ ಕೋಚು, ಅದೇ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಥಾಮಸ್. ಗೆದ್ದದ್ದು 3, ಸೋತದ್ದು 9. ಓಡುವ ಹಳಬರು ಕಾಲೇಜು ಬಿಟ್ಟಿದ್ದರು, ನಿಜ. ಆದ್ರೆ ಹಿಂದೆ ಬಿದ್ದಾಗ ಗಡಿಯಾರ ಓಡ್ತಿರುತ್ತೆ, ಚೆಂಡನ್ನ ದೂರಕ್ಕೆ ಎಸೀಲೇಬೇಕು. ಅಲ್ಲಿಗೆ ಜಾನ್ಸನ್ ಎಲ್ಸ್ ಬರೆದೇ ಇರಲಿಲ್ಲ. ಅದನ್ನ ಆಟಗಾರರ ತಲೆಗೆ ಕಟ್ಟೋಕೆ ನಾನಂತೂ ಒಪ್ಪಲ್ಲ.