ಬಣ್ಣದ ಬೊಂಬೆಯ ಬೆಲೆ

1952ರಲ್ಲಿ ಅಚ್ಚಾದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಚಿತ್ರದ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಹಾಗಾದರೆ ಚನ್ನಪಟ್ಟಣದ ಹಳೆಯ ಬೊಂಬೆಯೂ ಷೇರಿನಂತೆ ಹೂಡಿಕೆಯಾದೀತೇ? ಸದ್ಯಕ್ಕೆ ಆಗದು. ಷೇರಿನ ಹಿಂದೆ ದುಡಿಯುವ ಕಂಪನಿಯಿದೆ, ಲಾಭಾಂಶವಿದೆ. 1978–79ಕ್ಕೆ 100 ಎಂದು ಲೆಕ್ಕ ಹಿಡಿದ ಸೆನ್ಸೆಕ್ಸ್ 2024ರಲ್ಲಿ 80,000 ದಾಟಿತು. ಕಾರ್ಡು ಲಾಭಾಂಶ ಕೊಡದಿದ್ದರೂ ಅದರ ವರ್ಷ, ಮುದ್ರಕರು, ಗುಣಮಟ್ಟದ ದರ್ಜೆ ಎಲ್ಲಕ್ಕೂ ದಾಖಲೆಯುಂಟು. ನಮ್ಮ ಬೊಂಬೆಯ ಮೇಲೆ ಸಾಮಾನ್ಯವಾಗಿ ಮಾಡಿದವರ ಹೆಸರೂ ಇರುವುದಿಲ್ಲ, ಇಸವಿಯೂ ಇರುವುದಿಲ್ಲ.

ಹಾಗೆಂದು ಅದರ ಯೋಗ್ಯತೆ ಕಡಿಮೆಯಲ್ಲ. ಒಣಗಿಸಿದ ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯ ಒತ್ತಿಗೆ ಹೊಳಪೇರುತ್ತದೆ. ಮರುಮಾರಾಟದ ಮಾರುಕಟ್ಟೆಯೇ ಇಲ್ಲದ ಮೇಲೆ ಬೆಲೆಯ ಮಾತೇಕೆ ಎಂದು ಕೇಳಬಹುದು. ಆದರೆ ಅಂಥ ಮಾರುಕಟ್ಟೆಯನ್ನು ಬಯಸುವುದೂ ಸರಿಯಲ್ಲ: ಹಳೆಯ ಕಾರ್ಡಿನ ಬೆಲೆ ಏರಿದ್ದಕ್ಕೆ ಚೆನ್ನಾಗಿ ಉಳಿದವು ಕೆಲವೇ ಎಂಬುದು ದೊಡ್ಡ ಕಾರಣ. ಬೊಂಬೆಗೂ ಅಂಥ ಅಭಾವ ಬರಲಿ ಎನ್ನುವುದು ಕಸುಬೇ ಅಳಿಯಲಿ ಎಂದಂತೆ. ಆದ್ದರಿಂದ ಉಳಿತಾಯಕ್ಕೆ ಷೇರಿರಲಿ. ಬೊಂಬೆಯನ್ನು ಕುಶಲಕರ್ಮಿಗಳಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳೋಣ, ಅಡಿಯಲ್ಲಿ ಅವರ ಹೆಸರು, ಇಸವಿ ಬರೆಸೋಣ. ಬೊಂಬೆಯ ಮೇಲೆ ಹಾಕಿದ ಹಣಕ್ಕೆ ಬರಬೇಕಾದ ಬಡ್ಡಿಯೆಂದರೆ ಮುಂದಿನ ತಲೆಮಾರೂ ಆ ಲೇತಿನ ಮುಂದೆ ಕೂರುವುದು.