ಸಪ್ತಸ್ವರಭಾಷೆಯ ಲೇಖನವಿಚಾರ

ಫ್ರಾನ್ಸ್ ದೇಶದ ಸಂಗೀತೋಪಾಧ್ಯಾಯನಾದ ಝಾನ್ ಫ್ರಾನ್ಸ್ವಾ ಸೂದ್ರ್ (1787–1862) ಎಂಬಾತನು ಸಪ್ತಸ್ವರಗಳ ಹೆಸರುಗಳಿಂದಲೇ ಒಂದು ಸಾರ್ವಲೌಕಿಕ ಭಾಷೆಯನ್ನು ಕಲ್ಪಿಸಿದನು. ಆತನ ಗ್ರಂಥವು ಮರಣಾನಂತರ 1866ರಲ್ಲಿ ಪ್ರಕಟವಾಯಿತು. 1902ರಲ್ಲಿ ಬೊಲೆಸ್ಲಾಸ್ ಗಯೆವ್ಸ್ಕಿಯು ಅದರ ವ್ಯಾಕರಣವನ್ನು ಹೊರತಂದನು. ಡೊ, ರೆ, ಮಿ, ಫಾ, ಸೊಲ್, ಲಾ, ಸಿ ಎಂಬ ಏಳೇ ಅಕ್ಷರಗಳು ಈ ಭಾಷೆಯ ವರ್ಣಮಾಲೆ. ‘ಸೊಲ್‌ರೆಸೊಲ್’ ಎಂಬ ಅದರ ಹೆಸರಿಗೆ ಆ ಭಾಷೆಯಲ್ಲಿ ‘ಭಾಷೆ’ ಎಂದೇ ಅರ್ಥ. ನಾಲ್ಕು ಅಕ್ಷರಗಳವರೆಗೆ ಪ್ರಸ್ತಾರ ಮಾಡಿದರೆ 7, 49, 343, 2401 ಎಂಬಂತೆ ಒಟ್ಟು 2800 ರೂಪಗಳು ಸಿದ್ಧಿಸುತ್ತವೆ. ಪದವನ್ನು ವಿಲೋಮವಾಗಿ ಓದಿದರೆ ಅನೇಕ ಕಡೆ ಅರ್ಥವೂ ವಿಪರೀತವಾಗುತ್ತದೆ: ‘ಮಿಸೊಲ್’ ಒಳಿತು, ‘ಸೊಲ್‌ಮಿ’ ಕೆಡಕು; ‘ಸೊಲ್‌ಲಾಸಿ’ ಏರುವುದು, ‘ಸಿಲಾಸೊಲ್’ ಇಳಿಯುವುದು.

ಈ ಭಾಷೆಯನ್ನು ಸಂಗೀತರೇಖೆಗಳ ಮೇಲೆ ಬರೆಯಬಹುದು. ಒಂದರಿಂದ ಏಳರವರೆಗಿನ ಅಂಕಗಳಿಂದಲೂ ಏಳು ಬಣ್ಣಗಳಿಂದಲೂ ಸೂಚಿಸಬಹುದು. ಆದರೆ ಸಂಗೀತಚಿಹ್ನೆಗಳೊಂದನ್ನೂ ಬಳಸದೆ ಸಾಮಾನ್ಯ ಅಕ್ಷರಗಳಲ್ಲಿ ಬರೆದಾಗ ಭಾಷೆಯು ಸಮಗ್ರವಾಗಿ ಉಳಿಯುವುದೇ ಎಂಬುದು ಪ್ರಕೃತ ವಿಚಾರ.

ನಾದವೇ ಇದರ ಶರೀರವಾದುದರಿಂದ ಬರಿಯ ಅಕ್ಷರವು ಅದರ ಛಾಯೆ ಮಾತ್ರವೆಂದು ಪೂರ್ವಪಕ್ಷವನ್ನು ಮಾಡಬಹುದು. ಇದು ಪರೀಕ್ಷೆಗೆ ನಿಲ್ಲುವುದಿಲ್ಲ. ನಮ್ಮ ಷಡ್ಜವು ಗಾಯಕನ ಆಧಾರಶ್ರುತಿಯನ್ನು ಅನುಸರಿಸುವಂತೆ, ವಾದ್ಯದಲ್ಲಿ ನುಡಿಸಿದ ಧ್ವನಿಯು ‘ಡೊ’ ಆಗಿದೆಯೋ ‘ರೆ’ ಆಗಿದೆಯೋ ಎಂಬುದು ಆಧಾರವನ್ನರಿಯದ ಶ್ರೋತೃವಿಗೆ ತಿಳಿಯದು. ಅಕ್ಷರದಲ್ಲಿಯಾದರೋ ಈ ಸಂದೇಹಕ್ಕೆ ಅವಕಾಶವೇ ಇಲ್ಲ. ಅಲ್ಲದೆ ಸ್ವರನಾಮಗಳನ್ನು ಹಾಡದೆ ಉಚ್ಚರಿಸಿದರೂ ಅರ್ಥವು ಲೋಪವಾಗದು. ಆದುದರಿಂದ ಅರ್ಥಕ್ಕೆ ಆಶ್ರಯವಾದುದು ಸ್ವರನಾಮವೇ ಹೊರತು ನಾದವಲ್ಲ.

ನಿಜವಾದ ತೊಡಕುಗಳು ಎರಡು. ಮೊದಲನೆಯದು ಪದಚ್ಛೇದ. ‘ಡೊರೆ ಮಿಲಾಸಿ ಡೊಮಿ’ ಎಂದರೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’. ಇದನ್ನೇ ಎಡೆಯಿಲ್ಲದೆ ‘ಡೊರೆಮಿಲಾಸಿಡೊಮಿ’ ಎಂದು, ಅಥವಾ ಅಂಕಗಳಲ್ಲಿ 1236713 ಎಂದು ಬರೆದರೆ, ‘ಡೊ–ರೆಮಿ–ಲಾ–ಸಿ–ಡೊಮಿ’ ಎಂದೂ ಬಿಡಿಸಬಹುದು. ಆಗ ಕ್ರಮವಾಗಿ ‘ಇಲ್ಲ’, ‘ನಿನ್ನ’, ನಿರ್ದೇಶಕ ಉಪಪದ, ‘ಹೌದು’, ‘ನೀನು’ ಎಂಬ ಅಸಂಬದ್ಧ ಪದಪಂಕ್ತಿಯು ಉಂಟಾಗುತ್ತದೆ. ಒಂದೊಂದು ಅಕ್ಷರವೂ ಸ್ವತಂತ್ರಪದವಾಗಬಲ್ಲುದೇ ಇದಕ್ಕೆ ಕಾರಣ. ಋಕ್ಸಂಹಿತೆಗೆ ಶಾಕಲ್ಯನು ಪದಪಾಠವನ್ನು ರಚಿಸಿದುದೂ ಇಂತಹ ಸಂದೇಹನಿವಾರಣೆಗಾಗಿಯೇ. ಅಲ್ಲಿ ಸಂಧಿಯಿಂದ ಮರೆಯಾದ ಪದವನ್ನು ವ್ಯಾಕರಣದ ಬಲದಿಂದ ಬಿಡಿಸಬಹುದು. ವಿಭಕ್ತಿಪ್ರತ್ಯಯಗಳಿಲ್ಲದ ಇಲ್ಲಿ ಆ ಸಹಾಯವೂ ಇಲ್ಲ.

ಎರಡನೆಯದು ಆಘಾತ. ‘ಸಿರೆಲಾಸಿ’ ಎಂಬುದು ಚಿಹ್ನೆಯಿಲ್ಲದಿದ್ದರೆ ಕ್ರಿಯಾಪದ, ವಿಧಾನವನ್ನು ರಚಿಸುವುದೆಂದು ಅರ್ಥ. ಮೊದಲನೆಯ ಅಕ್ಷರದ ಮೇಲೆ ಆಘಾತವಿದ್ದರೆ ಸಂವಿಧಾನ. ಎರಡನೆಯದರ ಮೇಲಿದ್ದರೆ ಅದನ್ನು ರಚಿಸುವವನು. ಮೂರನೆಯದರ ಮೇಲಿದ್ದರೆ ವಿಶೇಷಣ. ಕಡೆಯದರ ಮೇಲಿದ್ದರೆ ಕ್ರಿಯಾವಿಶೇಷಣ. ಚಿಹ್ನೆಯನ್ನು ಬಿಟ್ಟು ಬರೆದರೆ ಐದು ಪದಗಳೂ ಒಂದೇ ಆಗುತ್ತವೆ. ‘ಇಂದ್ರಶತ್ರು’ ಶಬ್ದದಲ್ಲಿ ಅಂತೋದಾತ್ತವಾದರೆ ತತ್ಪುರುಷ, ಪೂರ್ವಪದದಲ್ಲಿ ಉದಾತ್ತವಾದರೆ ಬಹುವ್ರೀಹಿ. ಈ ಸ್ವರವ್ಯತ್ಯಾಸದಿಂದಲೇ ತ್ವಷ್ಟೃವಿನ ಯಾಗವು ವಿಪರೀತಫಲವನ್ನು ಕೊಟ್ಟಿತೆಂಬುದು ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ವಿದಿತವೇ ಆಗಿದೆ. ಅಲ್ಲಿ ಒಂದು ಸಮಾಸಕ್ಕೆ ಒದಗಿದ ಅಪಾಯವು ಇಲ್ಲಿ ಕೋಶದ ಬಹುಭಾಗಕ್ಕೆ ಒದಗುತ್ತದೆ.

ರೋಮನ್ ಲಿಪಿಯಲ್ಲಿ ಪ್ರಥಮವರ್ಣಗಳಿಂದ ಸಂಕ್ಷೇಪಿಸಿದರೆ ‘ಸೊಲ್’, ‘ಸಿ’ ಎರಡಕ್ಕೂ ಒಂದೇ ವರ್ಣ ಬರುವುದರಿಂದ ಮತ್ತೊಂದು ವರ್ಣವನ್ನು ಸೇರಿಸಿ ಭೇದವನ್ನು ತೋರಿಸಬೇಕಾಗುತ್ತದೆ. ಕನ್ನಡದಲ್ಲಿ ‘ಸೊ’, ‘ಸಿ’ ಎಂಬ ಗುಣಿತಗಳು ಭಿನ್ನವಾಗಿರುವುದರಿಂದ ಈ ಕ್ಲೇಶವಿಲ್ಲ. ಸ್ವರಕ್ಕೊಂದು ಅಕ್ಷರವು ಸಾಕಾಗುತ್ತದೆ. ಆದರೆ ಪದಗಳ ನಡುವೆ ಎಡೆಯನ್ನೂ ಆಘಾತವಿರುವ ಅಕ್ಷರದ ಬಳಿ ಒಂದು ಸಣ್ಣ ಗೀಟನ್ನೂ ಇಡುವುದು ಯಾವ ಲಿಪಿಯಲ್ಲಿಯೂ ತಪ್ಪದು.

ಹೀಗಿರಲು, ಏಳು ಚಿಹ್ನೆಗಳಿಂದಲೇ ಸಮಸ್ತವೂ ಸಾಧ್ಯವೆಂಬ ಪ್ರತಿಜ್ಞೆಯನ್ನು ಪೂರ್ಣವಾಗಿ ಒಪ್ಪುವಂತಿಲ್ಲ. ವಸ್ತುತಃ ಒಂಬತ್ತು ಬೇಕು. ಆ ಎರಡನ್ನು ಕೊಟ್ಟರೆ ಸೂದ್ರನ ಭಾಷೆಯು ಗಾನವಿಲ್ಲದೆಯೂ ಕಾಗದದ ಮೇಲೆ ನಿಲ್ಲುತ್ತದೆ. ಕೊಡದಿದ್ದರೆ ಎಷ್ಟು ಇಂಪಾಗಿ ಹಾಡಿದರೂ ಅರ್ಥವು ನಿಶ್ಚಿತವಾಗುವುದಿಲ್ಲ.