'ಲೇಪ'ವೆಂಬ ಮಾತಿನ ಔಚಿತ್ಯ

ಅಲ್ಯೂಮಿನಿಯಮ್ ಮಿಶ್ರಲೋಹಗಳ ಮೈಯನ್ನು ಸವೆಯದಂತೆ ಕಾಯುವ ಆಕ್ಸೈಡನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವನಿಗೆ ಮೊದಲು ಕೈಗೆ ದೊರೆಯುವ ಮಾತುಗಳು 'ಲೇಪ', 'ಕಾಠಿನ್ಯ' ಎಂಬ ಎರಡು. ಎರಡೂ ಶಿಷ್ಟಸಮ್ಮತವಾದವು, ಕಿವಿಗೂ ಹಿತವಾದವು. ಆದರೆ ಅರ್ಥವನ್ನು ವಿಮರ್ಶಿಸಿ ನೋಡಿದರೆ ಎರಡೂ ಇಲ್ಲಿ ಸಾಧುವೆಂದು ತೋರುವುದಿಲ್ಲ.

ಲೇಪವೆಂದರೆ ಹೊರಗಿನಿಂದ ತಂದು ಬಳಿದುದು. ತಾಮ್ರದ ಪಾತ್ರೆಯ ಕಲಾಯಿ ಅಂಥದು. ಅಲ್ಲಿ ತವರ ಬೇರೆ, ತಾಮ್ರ ಬೇರೆ. 1923ರಲ್ಲಿ ಬೆಂಗಫ್ ಮತ್ತು ಸ್ಟುವರ್ಟ್ ಎಂಬವರು ಬಳಕೆಗೆ ತಂದ ಆನೊಡೀಕರಣದಲ್ಲಿ ಬಳಿಯುವ ಕೆಲಸವೇ ಇಲ್ಲ. ಲೋಹವನ್ನು ಆಮ್ಲದ ದ್ರಾವಣದಲ್ಲಿ ಧನಾಗ್ರವಾಗಿಟ್ಟು ವಿದ್ಯುತ್ತನ್ನು ಹರಿಸಿದರೆ ಅದರ ಮೈಯೇ ಆಕ್ಸೈಡಾಗಿ ಮಾರ್ಪಡುವುದು. ತಣ್ಣನೆಯ ಗಂಧಕಾಮ್ಲದಲ್ಲಿ ಬೆಳೆಯಿಸಿದ ಗಟ್ಟಿಯಾದ ಪದರದಲ್ಲಿ ಸುಮಾರು ಅರ್ಧಭಾಗವು ಮೊದಲಿನ ಮೇಲ್ಮೈಗಿಂತ ಒಳಗಿರುವುದು, ಉಳಿದರ್ಧವು ಹೊರಗೆ. ನೂರಾರು ವೋಲ್ಟುಗಳಲ್ಲಿ ನಡೆಯುವ ಪ್ಲಾಸ್ಮಾ ಆಕ್ಸೀಕರಣದಲ್ಲಿ ಕಿಡಿಗಳ ಶಾಖಕ್ಕೆ ಈ ಆಕ್ಸೈಡು ಕರಗಿ ಹೆಪ್ಪುಗಟ್ಟಿ, ಭಾಗಶಃ ಕುರುಂದವೇ ಆಗುವುದು. ಸಾಣೆಗೆ ಒದಗುವ ಕಲ್ಲು ಲೋಹದ ಮೈಯಿಂದಲೇ ಹುಟ್ಟುವುದು.

'ರೂಢಿಯು ಬಲವತ್ತರವಷ್ಟೆ, ಲೇಪವೆಂದರೇನು ನಷ್ಟ?' ಎಂದು ಕೇಳಬಹುದು. ನಷ್ಟವುಂಟು. ದಂಡವೊಂದಕ್ಕೆ 50 ಮೈಕ್ರೋಮೀಟರ್ ದಪ್ಪದ 'ಲೇಪ'ವೆಂದು ಓದಿದ ವಿದ್ಯಾರ್ಥಿಯು ವ್ಯಾಸವು 100ರಷ್ಟು ಹೆಚ್ಚುವುದೆಂದು ಲೆಕ್ಕಹಾಕುವನು. ನಿಜವಾಗಿ ಹೆಚ್ಚುವುದು ಸುಮಾರು 50. ಸವೆದ ಕಲಾಯಿಯನ್ನು ಮತ್ತೆ ಹಾಕಿಸಬಹುದು. ಇದನ್ನು ತೆಗೆದು ಮತ್ತೆ ಬೆಳೆಯಿಸಿದರೆ ಲೋಹವೇ ಕ್ಷಯಿಸುವುದು. ಮಾತಿನ ತಪ್ಪು ಇಲ್ಲಿ ಅಳತೆಯ ತಪ್ಪಾಗಿ ಪರಿಣಮಿಸುವುದು.

ಇನ್ನು ಕಾಠಿನ್ಯ. ಭಾರವೂ ಜಾರಿದ ದೂರವೂ ಹೆಚ್ಚಿದಷ್ಟೂ ಸವೆತ ಹೆಚ್ಚು, ಕಾಠಿನ್ಯ ಹೆಚ್ಚಿದಷ್ಟೂ ಕಡಿಮೆ ಎಂಬುದು 1953ರಲ್ಲಿ ಆರ್ಚರ್ಡ್ ಪ್ರತಿಪಾದಿಸಿದ ನಿಯಮ. ಆದರೆ ಅದರಲ್ಲಿರುವ ಗುಣಾಂಕವು ಉಜ್ಜುವ ಜೋಡಿಯಿಂದ ಜೋಡಿಗೆ ಬಹಳವಾಗಿ ಬದಲಾಗುವುದು. ಕಠಿನವಾದ ಪದರದ ಕೆಳಗಿರುವ ಲೋಹವು ಮೃದು. ಭಾರವು ಮಿತಿಮೀರಿದರೆ ಹಾಸಿಗೆಯ ಮೇಲಿಟ್ಟ ಗಾಜನ್ನು ತುಳಿದಂತಾಗಿ ಪದರವು ಬಿರಿಯುವುದು. ಉದುರಿದ ಚೂರುಗಳೇ ಸಾಣೆಪುಡಿಯಾಗಿ ಉಳಿದುದನ್ನು ಅರೆಯುವುವು. ಒರಟಾದ ಪದರವು ತಾನು ಉಳಿದು ಎದುರಿನ ಭಾಗವನ್ನು ಸವೆಯಿಸುವುದೂ ಉಂಟು. ಕುದಿನೀರಿನಲ್ಲಿ ರಂಧ್ರಗಳನ್ನು ಮುಚ್ಚಿದರೆ ತುಕ್ಕನ್ನು ತಡೆಯುವ ಶಕ್ತಿ ಹೆಚ್ಚುವುದು, ಸವೆತವನ್ನು ತಾಳುವ ಶಕ್ತಿ ಕುಗ್ಗುವುದು. ಆದುದರಿಂದ ಸವೆತದ ತಾಳಿಕೆಯು ಒಂದು ವಸ್ತುವಿನ ಗುಣವಲ್ಲ, ಎರಡರ ಸಂಬಂಧ. ಎದುರು ವಸ್ತು, ಭಾರ, ಎಣ್ಣೆ ಇವುಗಳನ್ನು ಹೇಳದೆ ಬರೆದ ಅಂಕೆಯು ಸಂದರ್ಭವನ್ನು ಬಿಟ್ಟು ಉದ್ಧರಿಸಿದ ಪದ್ಯದಂತೆ.

ಹಾಗಾದರೆ ಯಾವ ಮಾತು ತಕ್ಕುದು? ಗಾಳಿ ಸೋಂಕಿದೊಡನೆ ಅಲ್ಯೂಮಿನಿಯಮಿನ ಮೇಲೆ ತಾನಾಗಿ ಮೂಡುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡಿಗೆ 'ಪೊರೆ' ಎನ್ನಬಹುದು. ಬೆಳೆಯಿಸಿದ ದಪ್ಪ ಪದರಕ್ಕೆ 'ಚಿಪ್ಪು' ಒಪ್ಪುವುದು. ಆಮೆಯ ಚಿಪ್ಪು ಮೈಯಿಂದಲೇ ಬೆಳೆದುದು. ಗಟ್ಟಿಯಾದರೂ ಬಿರಿಯಬಲ್ಲುದು ಎಂಬ ಎಚ್ಚರಿಕೆಯೂ ಆ ಮಾತಿನಲ್ಲಿಯೇ ಅಡಗಿದೆ. ಆಕ್ಸೈಡಿನ ಪುಡಿಯನ್ನು ಕರಗಿಸಿ ಲೋಹದ ಮೇಲೆ ಎರಚುವ ವಿಧಾನವೂ ಒಂದುಂಟು. 'ಲೇಪ'ವನ್ನು ಅದಕ್ಕೆ ಮೀಸಲಿಡಬಹುದು. ಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವ ಅಧ್ಯಾಪಕರೂ ಪದಗಳನ್ನು ನಿರ್ಣಯಿಸುವ ಪಂಡಿತರೂ ವಸ್ತುವು ಹುಟ್ಟುವ ಬಗೆಯನ್ನು ನೋಡಿಯೇ ಹೆಸರಿಡಬೇಕೆಂದು ನಮ್ಮ ಬಿನ್ನಹ.